ದಯವಿಟ್ಟು ನನ್ನನ್ನು ಕೆಲಸದಿಂದ ತೆಗೆಯಿರಿ

ಮಾರ್ಚ್ 1, ಶನಿವಾರ

ನನ್ನ ಕೆಲಸ ಹೋಯಿತು. ನಿನ್ನೆ ಸಂಜೆ ಐದೂವರೆಗೆ. ಬರೆದು ನೋಡಿದರೆ ಏನೋ ದೊಡ್ಡ ಸುದ್ದಿಯ ಥರ ಕಾಣುತ್ತದೆ. ನಡೆದದ್ದು ಮಾತ್ರ ಎರಡು ನಿಮಿಷದ ಮಾತು.

ಯಜಮಾನರು ಬಂದು ನನ್ನ ಮೇಜಿನ ಪಕ್ಕ ನಿಂತರು. ಗಂಟಲು ಸರಿ ಮಾಡಿಕೊಂಡು, "ಸೋಮವಾರದಿಂದ ನೀನು ಬರೋದು ಬೇಡ ಕಣಮ್ಮ" ಅಂದರು. ಅಂದವರೇ ಗೋಡೆ ಕಡೆ ತಿರುಗಿ, ನೆಟ್ಟಗೇ ಇದ್ದ ಕ್ಯಾಲೆಂಡರನ್ನು ನೆಟ್ಟಗೆ ಮಾಡತೊಡಗಿದರು. ಎಡಕ್ಕೆ ಸರಿಸಿದರು, ಬಲಕ್ಕೆ ಸರಿಸಿದರು, ಕೊನೆಗೆ ಮೊದಲಿದ್ದ ಹಾಗೇ ಬಿಟ್ಟರು. ಆಮೇಲೆ ಒಂದು ಲಕೋಟೆ ಕೊಟ್ಟರು.

"ಎಲ್ಲಾದ್ರೂ ಕೇಳಿದ್ರೆ ತೋರಿಸು. ಚೆನ್ನಾಗಿ ಬರೆದಿದೀನಿ."

ಲಕೋಟೆಯನ್ನು ನಮ್ಮ ಗೋಳದ ಅಂಟಿನಿಂದಲೇ ಮುಚ್ಚಿದ್ದರು. ಅಂದರೆ ಅದನ್ನು ಕತ್ತರಿಯಿಂದಲೇ ತೆಗೆಯಬೇಕು. ನಮ್ಮ ಅಂಟು ಹಿಡಿದರೆ ಬಿಡುವುದಿಲ್ಲ.

ಆರು ವರ್ಷದಿಂದ ನಾನು ಮಾಡುತ್ತಿದ್ದದ್ದು ಭೂಮಿ. ಶಾಲೆಯ ಮೇಜಿನ ಮೇಲೆ ಇರುತ್ತದಲ್ಲ, ತಿರುಗಿಸುವ ಗೋಳ, ಅದು. ಕಾಗದದ ತಿರುಳಿನ ಎರಡು ಅರ್ಧ ಚಿಪ್ಪುಗಳನ್ನು ಸೇರಿಸಿ, ಮೇಲೆ ಸುಣ್ಣದ ಪುಡಿ ಬಳಿದು ಒಣಗಿಸಿದ ಚೆಂಡು ನನ್ನ ಕೈಗೆ ಬರುತ್ತದೆ. ಅದರ ಮೇಲೆ ಹನ್ನೆರಡು ಕಾಗದದ ಪಟ್ಟಿ ಅಂಟಿಸಬೇಕು. ಕಿತ್ತಳೆ ಹಣ್ಣು ಸುಲಿದ ಹಾಗೆ ನಡುವೆ ಅಗಲ, ಎರಡು ತುದಿಯಲ್ಲಿ ಚೂಪು. ನಾವು ಅದನ್ನು ತೊಳೆ ಅಂತಲೇ ಕರೆಯುವುದು. ಮೊದಲ ತೊಳೆ ಒಂದು ಕೂದಲೆಳೆ ಸರಿದರೆ, ಹನ್ನೆರಡನೆಯದಕ್ಕೆ ಬರುವಷ್ಟರಲ್ಲಿ ಉಗುರಿನಗಲ ಬಿರುಕು ಬಿಟ್ಟಿರುತ್ತದೆ.

ಈಗ ಯಾವ ಶಾಲೆಯೂ ಗೋಳ ಕೇಳುವುದಿಲ್ಲ. ಮೊದಲು ಐದು ಜನ ಇದ್ದೆವು, ಆಮೇಲೆ ಮೂರು, ಕೊನೆಗೆ ನಾನೊಬ್ಬಳೇ. ಈಗ ನಾನೂ ಇಲ್ಲ.

ಬರುವಾಗ ಅಚ್ಚು ತಪ್ಪಿದ ಹಾಳೆಗಳ ಒಂದು ಕಟ್ಟು ಕೇಳಿ ತಂದೆ. ಒಂದು ಕಡೆ ಬರೀ ಸಮುದ್ರ, ಇನ್ನೊಂದು ಕಡೆ ಖಾಲಿ. ಆ ಖಾಲಿ ಕಡೆಯಲ್ಲೇ ಇದನ್ನು ಬರೆಯುತ್ತಿದ್ದೇನೆ.

ಅಕ್ಕ ಬಸ್ಸಿನ ಕಂಡಕ್ಟರ್. ನಮ್ಮಿಬ್ಬರದೂ ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ವಿಷಯ ಹೇಳಿದೆ. ಟಿಕೆಟ್ ಇಲ್ಲದವನನ್ನು ನೋಡುವ ಹಾಗೆ ಒಂದು ಸಲ ನೋಡಿದಳು.

"ಅಳ್ತೀಯೋ ಊಟ ಮಾಡ್ತೀಯೋ? ಎರಡೂ ಒಟ್ಟಿಗೆ ಮಾಡಬೇಡ, ತಟ್ಟೆ ನಾನು ತೊಳೀಬೇಕು."

ಊಟ ಮಾಡಿದೆ.

ಮಾರ್ಚ್ 4, ಮಂಗಳವಾರ

ನಿರುದ್ಯೋಗ ಭತ್ಯೆಗೆ ಅರ್ಜಿ ಹಾಕು ಅಂತ ಅಕ್ಕನೇ ಕಳಿಸಿದಳು. ನಿನ್ನೆಯಿಂದ ಅವಳು ಎರಡನೇ ಪಾಳಿಯೂ ಹಿಡಿದಿದ್ದಾಳೆ. "ನಿನ್ನ ಭತ್ಯೆ ಬಂದ ದಿನ ಬಿಡ್ತೀನಿ" ಅಂದಳು, ಇದೇನು ಹೆಚ್ಚಲ್ಲ ಅನ್ನುವ ಹಾಗೆ. ಮನೆಗೆ ಬಂದು ಬಿಸಿನೀರಿನ ಟಬ್ಬಿನಲ್ಲಿ ಕಾಲಿಟ್ಟು ಕೂತಾಗ ನೋಡಿದೆ. ಪಾದಗಳು ಊದಿ ಬನ್ನಿನ ಹಾಗಾಗಿವೆ.

ಭತ್ಯೆ ಕಚೇರಿ ಅಂದರೆ ಒಂದು ಉದ್ದನೆಯ ಹಾಲ್. ನಾಲ್ಕು ಕೌಂಟರ್, ತೆರೆದಿರುವುದು ಮೂರನೆಯದು ಮಾತ್ರ. ನನ್ನ ಟೋಕನ್ ನಲವತ್ತೊಂದು. ಕೆಂಪು ದೀಪದ ಬೋರ್ಡಿನಲ್ಲಿ ಹನ್ನೆರಡು ಅಂತ ಇತ್ತು. ಫಾರಂ ನಾಲ್ಕು ಪುಟ. ಮೊದಲ ಪುಟದ ಮೂರನೇ ಸಾಲನ್ನೇ ಎರಡು ಸಲ ಬರೆದು ಹೊಡೆದುಹಾಕಿದೆ. ಪಕ್ಕದಲ್ಲಿ ಕೂತಿದ್ದ ಅಗಲವಾದ ಮನುಷ್ಯ ಬಗ್ಗಿ ನೋಡಿದ.

"ಕೊಡು ತಂಗಿ ಇಲ್ಲಿ. ನನಗಿದು ಮೂರನೇ ಸಲ. ನಾನು ಅಡುಗೆಯವನು. ಸೇರಿದ ಹೋಟೆಲೆಲ್ಲ ಮುಚ್ಚುತ್ತೆ, ಅದೇನೋ ನನ್ನ ಕೈಗುಣ."

ನಾಲ್ಕೂ ಪುಟ ಅವನೇ ಬರೆದ. ನಾನು ಹೂಂ, ಹೂಂ ಅಂದೆ ಅಷ್ಟೇ. ಅಡುಗೆ ಅಣ್ಣನ ಅಕ್ಷರ ಜಿಲೇಬಿ ಸುತ್ತಿದ ಹಾಗಿದೆ, ಆದರೆ ಎಲ್ಲ ಕಾಲಂ ತುಂಬಿತು.

ಕೌಂಟರಿನಲ್ಲಿ ಇರುವವರು ಕನ್ನಡಕಕ್ಕೆ ಸರಪಳಿ ಕಟ್ಟಿಕೊಂಡ ಒಬ್ಬ ಹೆಂಗಸು. ಸರಪಳಿ ಮೇಡಂ ಅಂತ ನಾನು ಹೆಸರಿಟ್ಟೆ. ಲಕೋಟೆ ಕೊಟ್ಟೆ. ಅವರು ಹರಿಯಲು ನೋಡಿದರು, ಆಗಲಿಲ್ಲ. ಸ್ಕೇಲು ಹಾಕಿ ಸೀಳಿದರು. ಗಟ್ಟಿಯಾಗಿ ಓದಿದರು.

"ಇವಳು ಆರು ವರ್ಷ ನಮ್ಮಲ್ಲಿ ದುಡಿದು, ತನ್ನ ಸ್ವಂತ ಇಚ್ಛೆಯಿಂದ, ನಮ್ಮೆಲ್ಲರನ್ನೂ ದುಃಖದಲ್ಲಿ ಮುಳುಗಿಸಿ ಕೆಲಸ ಬಿಟ್ಟಿರುತ್ತಾಳೆ." ಕನ್ನಡಕ ಇಳಿಸಿದರು. "ಎಲ್ಲರೂ ಅಂದ್ರೆ ಎಷ್ಟು ಜನಮ್ಮ?"

"ಯಜಮಾನ್ರು ಮೇಡಂ. ಅವರೊಬ್ಬರೇ."

"ನೀನಾಗೇ ಬಿಟ್ಟಿದೀಯ ಅಂತ ಇದೆಯಲ್ಲ."

"ಇಲ್ಲ ಮೇಡಂ, ಬರಬೇಡ ಅಂದ್ರು."

"ಕಾಗದ ಹಾಗೆ ಹೇಳ್ತಿಲ್ಲ. ತಾನಾಗೇ ಬಿಟ್ಟವರಿಗೆ ಭತ್ಯೆ ಇಲ್ಲ. ನಾವೇ ತೆಗೆದ್ವಿ ಅಂತಲೋ, ಕೆಲಸ ಇಲ್ಲ ಅಂತಲೋ ಒಂದು ಸಾಲು ಬರೆಸ್ಕೊಂಡು ಬಾ. ಈ ತಿಂಗಳ ಮೂವತ್ತೊಂದು, ಸೋಮವಾರ, ಮಧ್ಯಾಹ್ನ ಮೂರರ ಒಳಗೆ. ಆಮೇಲೆ ಅರ್ಜಿ ಮುಚ್ಚಿಹೋಗುತ್ತೆ, ಮತ್ತೆ ಹಾಕೋ ಹಾಗಿಲ್ಲ. ಭತ್ಯೆ ಸಿಗೋಕೆ ಮೊದ್ಲೂ ಆಮೇಲೂ ಪ್ರತಿ ಮಂಗಳವಾರ ಬಂದು ವಾರದ ಫಾರಂ ಕೊಡಬೇಕು. ಯಾವ ಮೂರು ಕಡೆ ಕೆಲಸ ಹುಡುಕಿದೆ, ಆ ವಾರ ಏನಾದ್ರೂ ಕೆಲಸ ಮಾಡಿದೆಯಾ, ಎಲ್ಲ ಸರಿಯಾಗಿ ಬರೀಬೇಕು."

ಒಂದು ಸಾಲು ತಾನೇ. ನಾಳೆ ಹತ್ತು ಗಂಟೆಗೆಲ್ಲ ಕೆಲಸ ಮುಗಿಯುತ್ತದೆ.

ಮಾರ್ಚ್ 5, ಬುಧವಾರ

ಮುಗಿಯಲಿಲ್ಲ.

"ಯಜಮಾನ್ರೇ, ದಯವಿಟ್ಟು ನನ್ನನ್ನ ಕೆಲಸದಿಂದ ತೆಗೀರಿ" ಅಂದೆ.

"ತೆಗೆದಾಯ್ತಲ್ಲಮ್ಮ ಶುಕ್ರವಾರ."

"ಬಾಯಲ್ಲಿ ತೆಗೆದ್ರಿ. ಕಾಗದದಲ್ಲಿ ತೆಗೀಬೇಕು."

"ಅದೆಲ್ಲ ಆಗಲ್ಲ. ನಲವತ್ತು ವರ್ಷದಲ್ಲಿ ಒಬ್ಬರನ್ನೂ ತೆಗೆದವನಲ್ಲ ನಾನು. ಆ ವಾರ್ನಿಷ್‌ನವನು ಮೂರು ಸಲ ಉತ್ತರ ಧ್ರುವ ಕೆಳಗೆ ಮಾಡಿ ಕೂರಿಸಿದ. ಅವನನ್ನೇ ತೆಗೀಲಿಲ್ಲ, ನಿನ್ನನ್ನ ತೆಗೀತೀನಾ?"

"ನಾನು ಮಾಡಿದ ತಪ್ಪು ಬರೀರಿ. ತಡವಾಗಿ ಬಂದಿದೀನಿ."

"ಅವತ್ತು ಮಳೆ ಇತ್ತು."

"ಒಂದು ಗೋಳ ಕೈಜಾರಿ ಬೀಳಿಸಿದೀನಿ."

"ಭೂಮಿ ಅಂದಮೇಲೆ ಒಂದು ಪೆಟ್ಟು ತಡೀಬೇಕು. ಅದು ಗೋಳದ ತಪ್ಪು."

"ತೊಳೆ ಮೇಲೆ ತೊಳೆ ಹತ್ತಿ ಒಂದು ದ್ವೀಪವೇ ಮುಚ್ಚಿಹೋಗಿತ್ತು, ನೆನಪಿದೆಯಾ?"

ಸ್ವಲ್ಪ ಯೋಚಿಸಿದರು. "ಅಲ್ಲಿ ಯಾರೂ ವಾಸ ಇರಲಿಲ್ಲ ಬಿಡು."

ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ನಾಳೆ ಇನ್ನೊಬ್ಬ ಯಜಮಾನ ನಿನ್ನ ಕಾಗದ ಓದ್ತಾನೆ. ಇವಳನ್ನ ತೆಗೆದುಹಾಕಿದ್ರಂತೆ ಅಂತ ಅವನು ಅಂದ್ಕೋಬಾರದು. ನನ್ನ ಮಗಳಾಗಿದ್ರೂ ಹೀಗೇ ಬರೀತಿದ್ದೆ."

ಥ್ಯಾಂಕ್ಸ್ ಹೇಳಿ ಬಂದೆ. ಬಸ್ಸು ಹತ್ತಿದ ಮೇಲೆ ನೆನಪಾಯಿತು, ನಾನು ಹೋಗಿದ್ದು ಥ್ಯಾಂಕ್ಸ್ ಹೇಳುವುದಕ್ಕಲ್ಲ.

ಮಾರ್ಚ್ 6, ಗುರುವಾರ

ಕೆಲಸ ಹೋದವರ ಚಾಟ್ ಗುಂಪಿನಲ್ಲಿ ಕೇಳಿದೆ: "ಕೆಲಸದಿಂದ ತೆಗೆಯಿರಿ ಅಂತ ಯಜಮಾನರನ್ನು ಒಪ್ಪಿಸುವುದು ಹೇಗೆ?" ಇಪ್ಪತ್ತೇಳು ಉತ್ತರ ಬಂದವು. ಇಪ್ಪತ್ತೈದು ನಗುವ ಮುಖ. ಒಂದು "ನಿಮ್ಮ ಯಜಮಾನರ ಹತ್ತಿರ ಕೆಲಸ ಖಾಲಿ ಇದೆಯಾ?" ಇನ್ನೊಂದು "ಗೋಳ ಮಾರಾಟಕ್ಕಿದೆಯಾ, ದೊಡ್ಡದು ಬೇಕು."

ಮಾರ್ಚ್ 11, ಮಂಗಳವಾರ

ನಿನ್ನೆ ಮತ್ತೆ ಹೋಗಿ ಕಾಡಿ ಬೇಡಿ ಎರಡನೇ ಕಾಗದ ಬರೆಸಿಕೊಂಡೆ. ಇಡೀ ಬೆಳಗ್ಗೆ ಕೂತು ಬರೆದರು ಪಾಪ. ಇವತ್ತು ಸರಪಳಿ ಮೇಡಂ ಓದಿದರು: "ಉಜ್ವಲ ಭವಿಷ್ಯವನ್ನು ಹಾರೈಸಿ, ತುಂಬು ಹೃದಯದಿಂದ ಇವಳನ್ನು ಬೀಳ್ಕೊಡಲಾಗಿದೆ."

"ಬೀಳ್ಕೊಡೋದಕ್ಕೆ ನಮ್ಮಲ್ಲಿ ಕಾಲಂ ಇಲ್ಲಮ್ಮ" ಅಂದರು. ತುಟಿ ಬಿಗಿ ಹಿಡಿದಿದ್ದರೂ ಕನ್ನಡಕದ ಸರಪಳಿ ಕುಲುಕುತ್ತಿತ್ತು. "ಕೆಲಸ ಇಲ್ಲ. ಎರಡೇ ಪದ. ಅದನ್ನ ಬರೆಯೋಕೆ ಅವರಿಗೇನು ಕಷ್ಟ?"

"ಗೊತ್ತಿಲ್ಲ ಮೇಡಂ."

ವಾರದ ಫಾರಂ ನೋಡಿದರು. ನಾನು ಕೆಲಸ ಕೇಳಿದ ಮೂರು ಕಡೆ: ಲ್ಯಾಂಪ್ ಶೇಡ್ ಅಂಗಡಿ, ಬಲೂನಿನವರು, ಚೆಂಡು ಹೊಲಿಯುವ ಕಾರ್ಖಾನೆ.

"ಗುಂಡಗಿರೋದು ಬಿಟ್ಟು ಬೇರೇನೂ ಕಣ್ಣಿಗೆ ಬೀಳಲ್ವಾ ನಿನಗೆ?"

ಇದು ನನಗೂ ಹೊಳೆದಿರಲಿಲ್ಲ. ಅಡುಗೆ ಅಣ್ಣನಿಗೆ ಹೇಳಿದರೆ ಬೆಂಚು ಅಲ್ಲಾಡುವ ಹಾಗೆ ನಕ್ಕ.

ಕಂಕುಳಲ್ಲಿ ಮಗು ಇದ್ದ ಒಬ್ಬಳು ಏಳನೇ ಪ್ರಶ್ನೆಗೆ ಏನು ಬರೆಯಬೇಕು ಅಂತ ಕೇಳಿದಳು. ಅಲ್ಲಿ ಹಿಂದಿನ ವಿಳಾಸ ಬರೆಯಬೇಕು, ಈಗಿನದಲ್ಲ. ಹೇಳಿದೆ. ಮಗು ನನ್ನ ಟೋಕನ್ ಬಾಯಿಗೆ ಹಾಕಿಕೊಂಡು ನಲವತ್ತೊಂಬತ್ತರಲ್ಲಿ ಒಂಬತ್ತನ್ನು ತಿಂದಿತು.

ಮಾರ್ಚ್ 13, ಗುರುವಾರ

ಇವತ್ತು ಕೊನೇ ಸಲ ಕೇಳಿಯೇಬಿಡುವುದು ಅಂತ ಹೋದೆ. ಬಾಗಿಲು ತೆರೆದಿತ್ತು. ಯಜಮಾನರು ನನ್ನ ಮೇಜಿನಲ್ಲಿ, ನನ್ನ ಸ್ಟೂಲಿನ ಮೇಲೆ ಕೂತಿದ್ದರು. ಮುಂದೆ ಒಂದು ಗೋಳ. ಹನ್ನೊಂದು ತೊಳೆ ಅಂಟಿಸಿದ್ದರು. ಹನ್ನೆರಡನೆಯದು ಕೂರುತ್ತಿಲ್ಲ. ಅವರ ಕೈ ಸ್ವಲ್ಪ ಅದುರುತ್ತದೆ, ಎಲ್ಲೋ ಎರಡನೆಯದೇ ಸರಿದಿದೆ.

"ಯಾರದ್ದು ಆರ್ಡರ್?" ಅಂತ ಕೇಳಿದೆ.

"ಬರುತ್ತೆ" ಅಂದರು.

ಬ್ರಷ್ಷು ನನ್ನ ಕೈಗೆ ಹೇಗೆ ಬಂತೋ ಗೊತ್ತಿಲ್ಲ. ಅಂಟು ಇನ್ನೂ ಒಣಗಿ ಹಿಡಿದಿರಲಿಲ್ಲ. ಒದ್ದೆ ಬಟ್ಟೆ ಇಟ್ಟು ನೆನೆಸಿ, ಒಂದೊಂದೇ ಬಿಡಿಸಿ, ಮತ್ತೆ ಕೂರಿಸಿದೆ. ಎರಡು ಗಂಟೆ ಹಿಡಿಯಿತು. ಕೊನೇ ತೊಳೆ ಅಂಚಿಗೆ ಅಂಚು ತಾಗಿ ಹೋಗಿ ಕೂತಾಗ ಹೆಬ್ಬೆರಳಿಗೆ ಒಂದು ಸಣ್ಣ ಸುಖ ಆಗುತ್ತದೆ, ಅದನ್ನು ಮರೆತೇಬಿಟ್ಟಿದ್ದೆ. ಅವರು ಪಕ್ಕದಲ್ಲಿ ನಿಂತು ಸಮುದ್ರದ ಮೇಲಿನ ಗುಳ್ಳೆಗಳನ್ನು ಬಟ್ಟೆಯಿಂದ ಒತ್ತುತ್ತಿದ್ದರು. ಹೊರಗಿನಿಂದ ಯಾರಾದರೂ ನೋಡಿದ್ದರೆ ಕಾರ್ಖಾನೆ ಜೋರಾಗಿ ನಡೆಯುತ್ತಿದೆ ಅಂದುಕೊಳ್ಳುತ್ತಿದ್ದರು.

ಆಗ ಅರ್ಥವಾಯಿತು. ನಾನಾಗಿ ಬಿಟ್ಟುಹೋದರೆ ಒಬ್ಬ ಕೆಲಸಗಾರ್ತಿ ಕಮ್ಮಿಯಾದಳು, ಅಷ್ಟೇ. ಕಾರ್ಖಾನೆ ಇನ್ನೂ ಇದೆ. ಕೆಲಸ ಇಲ್ಲ ಅಂತ ಅವರ ಕೈಯಲ್ಲೇ ಬರೆದರೆ ಕಾರ್ಖಾನೆಯೇ ಇಲ್ಲ.

ಕಾಗದದ ಮಾತು ಎತ್ತದೆ ಬಂದೆ. ಅಕ್ಕ ಕೇಳಿದರೆ ಏನು ಹೇಳಲಿ?

ಮಾರ್ಚ್ 18, ಮಂಗಳವಾರ

ಒಂದು ತಪ್ಪು ಮಾಡಿದೆ. ತಪ್ಪು ಅಂತ ಅನ್ನಿಸುತ್ತಿಲ್ಲ, ಆದರೆ ಎಲ್ಲರೂ ಹಾಗೇ ಹೇಳುತ್ತಿದ್ದಾರೆ.

ವಾರದ ಫಾರಂನಲ್ಲಿ "ಈ ವಾರ ಏನಾದರೂ ಕೆಲಸ ಮಾಡಿದಿರಾ?" ಅಂತ ಇತ್ತು. ಹೌದು ಅಂತ ಬರೆದೆ. "ಎಲ್ಲಿ, ಎಷ್ಟು ಹೊತ್ತು?" ಅಂತ ಇತ್ತು. ಹಳೇ ಕಾರ್ಖಾನೆಯಲ್ಲಿ, ಎರಡು ಗಂಟೆ, ಹನ್ನೆರಡು ತೊಳೆ, ಅಂತ ಬರೆದೆ.

ಸರಪಳಿ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಯಾಕಮ್ಮ ಬರೆದೆ?"

"ಮಾಡಿದ್ನಲ್ಲ ಮೇಡಂ."

"ಸಂಬಳ ಕೊಟ್ರಾ?"

"ಕಾಫಿ ಕೊಟ್ರು."

"ಬಿಟ್ಟಿದಾಳೆ ಅಂತ ಅವರು ಬರೀತಾರೆ, ಬಿಟ್ಟಿಲ್ಲ ಅಂತ ನೀನು ಹೇಳ್ತೀಯ, ಈಗ ನೋಡಿದ್ರೆ ಅಲ್ಲೇ ಕೂತು ಕೆಲಸ ಮಾಡ್ತಿದೀಯ. ನಾನು ಏನಂತ ತಿಳ್ಕೊಳ್ಳಲಿ? ಇದಕ್ಕೆ ತನಿಖೆ ಆಗ್ಲೇಬೇಕು. ಮುಂದಿನ ಮಂಗಳವಾರ ಜಾಗಕ್ಕೇ ಬಂದು ನೋಡ್ತಾರೆ. ಕಾರ್ಖಾನೆ ನಡೀತಿದೆ ಅಂತ ಕಂಡ್ರೆ ಅರ್ಜಿ ಅವತ್ತೇ ವಜಾ."

ಅಡುಗೆ ಅಣ್ಣ ತಲೆ ಮೇಲೆ ಕೈ ಹೊತ್ತು ಕೂತ. "ಮೂರು ಸಲ ಭತ್ಯೆ ತಗೊಂಡಿದೀನಿ ತಂಗಿ. ಆ ಪ್ರಶ್ನೆಗೆ ಹೌದು ಅಂತ ಬರೆದವರನ್ನ ಇವತ್ತೇ ನೋಡಿದ್ದು."

ಬೋರ್ಡಿನಲ್ಲಿ ನನ್ನ ನಂಬರ್ ಬರುವ ಮೊದಲು ನಾಲ್ಕು ಜನರ ಫಾರಂ ನೋಡಿಕೊಟ್ಟಿದ್ದೆ. ಅವರದ್ದೆಲ್ಲ ಸರಿಯಾಗಿ ಹೋಯಿತು.

ಮಾರ್ಚ್ 19, ಬುಧವಾರ

ಅಕ್ಕ: "ಸತ್ಯ ಹೇಳಬೇಕು ಸರಿ ಕಣೇ. ಅವರು ಕೇಳಿದ್ದಕ್ಕೆ ಹೇಳು. ತೊಳೆ ಎಣಿಸಿ ಹೇಳು ಅಂತ ಯಾರು ಕೇಳಿದ್ರು?"

ಆಮೇಲೆ ಟಬ್ಬಿನಲ್ಲಿ ಕಾಲಿಟ್ಟುಕೊಂಡೇ ನಕ್ಕಳು. ನಕ್ಕು ನಕ್ಕು ನೀರು ನೆಲಕ್ಕೆಲ್ಲ ಚೆಲ್ಲಿದಳು. ಒರೆಸಿದ್ದು ನಾನು. ಇದನ್ನೂ ಫಾರಂನಲ್ಲಿ ಬರೀತೀಯಾ ಅಂತ ಕೇಳಿದಳು.

ಮಾರ್ಚ್ 22, ಶನಿವಾರ

ತನಿಖೆಯ ವಿಷಯ ಯಜಮಾನರಿಗೆ ತಿಳಿಸಬೇಕಲ್ಲ. ಹೋದೆ. ಕಚೇರಿಯಿಂದ ಅವರಿಗೆ ಮೊದಲೇ ಪತ್ರ ಬಂದಿತ್ತು. ಅವರ ಸಂಭ್ರಮ ನೋಡಬೇಕಿತ್ತು. ಅಂಗಳ ಗುಡಿಸಿದ್ದಾರೆ, ಕಿಟಕಿಯ ಗಾಜು ತೊಳೆದಿದ್ದಾರೆ, ಗೋಳ ಕೂರಿಸುವ ಹಿತ್ತಾಳೆ ಕಂಬಿಗಳನ್ನೆಲ್ಲ ಉಜ್ಜಿ ಸಾಲಾಗಿ ನಿಲ್ಲಿಸಿದ್ದಾರೆ.

"ಸರ್ಕಾರದವರು ಬರ್ತಿದಾರೆ ಕಣಮ್ಮ, ನಮ್ಮ ಕಾರ್ಖಾನೆ ನೋಡೋಕೆ. ನಲವತ್ತು ವರ್ಷದಲ್ಲಿ ಮೊದಲನೇ ಸಲ. ನೀನೂ ಮಂಗಳವಾರ ಬಂದು ನಿನ್ನ ಜಾಗದಲ್ಲಿ ಕೂತ್ಕೋ. ಕೈಯಲ್ಲಿ ಬ್ರಷ್ಷಿರಲಿ. ಭರ್ತಿಯಾಗಿ ಕಾಣಬೇಕು."

ಪೊರಕೆ ಅವರ ಕೈಯಿಂದ ತೆಗೆದುಕೊಂಡು ಮೂಲೆಗಿಟ್ಟೆ. ಯಜಮಾನರಿಗೆ ಎದುರು ಮಾತಾಡಿದವಳಲ್ಲ ನಾನು.

"ಯಜಮಾನ್ರೇ, ನಮ್ಮ ಅಕ್ಕ ದಿನಾ ಎರಡು ಪಾಳಿ ನಿಲ್ತಾಳೆ. ನಿಂತೇ ಇರ್ತಾಳೆ, ಬಸ್ಸಲ್ಲಿ ಅವಳಿಗೆ ಸೀಟಿಲ್ಲ. ರಾತ್ರಿ ಚಪ್ಪಲಿ ಬಿಚ್ಚೋಕೆ ನಾನು ಎಳೀಬೇಕು. ಭತ್ಯೆ ಬಂದ್ರೆ ಒಂದು ಪಾಳಿ ಬಿಡ್ತಾಳೆ. ಕಾರ್ಖಾನೆ ನಡೀತಿದೆ ಅಂತ ಅವರಿಗೆ ಕಂಡ್ರೆ ಭತ್ಯೆ ಬರಲ್ಲ. ಇದನ್ನ ಹೇಳೋಕೆ ಬಂದೆ. ನೀವು ಏನು ಬೇಕಾದ್ರೂ ಬರೀರಿ, ನನಗೆ ನಿಮ್ಮ ಮೇಲೆ ಒಂಚೂರೂ ಕೋಪ ಇಲ್ಲ."

ಅವರು ಕ್ಯಾಲೆಂಡರ್ ಹತ್ತಿರ ಹೋಗಿ ನಿಂತರು. ಈ ಸಲ ಅದನ್ನು ಮುಟ್ಟಲಿಲ್ಲ.

ಮಾರ್ಚ್ 25, ಮಂಗಳವಾರ

ಬರೆಯುವುದು ತುಂಬಾ ಇದೆ. ಅಕ್ಕ ಬರುವಷ್ಟರಲ್ಲಿ ಮುಗಿಸಬೇಕು.

ತನಿಖೆಗೆ ಬಂದವರು ಸರಪಳಿ ಮೇಡಂ. "ಕಚೇರಿಯಲ್ಲಿ ಜನ ಇಲ್ಲ. ಕೌಂಟರೂ ನಾನೇ, ತನಿಖೆಯೂ ನಾನೇ. ವಾರದ ಫಾರಂ ಇಲ್ಲೇ ಕೊಡು" ಅಂದರು. ಬಸ್ಸಿನಲ್ಲಿ ಬಂದಿದ್ದರು. ಚಿಲ್ಲರೆ ಇಲ್ಲ ಅಂತ ಕಂಡಕ್ಟರ್ ಹೆಂಗಸೊಬ್ಬಳು ದಾರಿಯುದ್ದಕ್ಕೂ ರೇಗಿದಳಂತೆ. ಯಾವ ಬಸ್ಸು ಅಂತ ನಾನು ಕೇಳಲಿಲ್ಲ.

ಯಜಮಾನರು ಇಸ್ತ್ರಿ ಮಾಡಿದ ಅಂಗಿ ಹಾಕಿ ನಿಂತಿದ್ದರು. ನಾನು ಬಾಗಿಲ ಹತ್ತಿರವೇ ನಿಂತೆ, ಎರಡೂ ಕೈ ಹಿಂದೆ ಕಟ್ಟಿಕೊಂಡು, ಏನನ್ನೂ ಮುಟ್ಟದೆ. ಮೇಡಂ ಒಳಗೆಲ್ಲ ಸುತ್ತಿದರು. ತೊಳೆದ ಕಿಟಕಿ, ಹೊಳೆಯುವ ಕಂಬಿ, ಮೇಜಿನ ಮೇಲೆ ನಮ್ಮ ಆ ಗೋಳ. ಯಜಮಾನರು ಅದಕ್ಕೆ ವಾರ್ನಿಷ್ ಹಚ್ಚಿ, ಕಂಬಿಗೆ ಕೂರಿಸಿದ್ದರು. ಕಾರ್ಖಾನೆ ನಿಜಕ್ಕೂ ಭರ್ತಿಯಾಗಿ ಕಾಣುತ್ತಿತ್ತು.

ಮೇಡಂ ಪೆನ್ನು ತೆಗೆದರು. "ಎಷ್ಟು ಜನ ಕೆಲಸ ಮಾಡ್ತಾರೆ?"

ಯಜಮಾನರು ಗೋಳವನ್ನು ಮೆಲ್ಲಗೆ ಒಂದು ಸುತ್ತು ತಿರುಗಿಸಿದರು. ಅದು ಸದ್ದಿಲ್ಲದೆ ತಿರುಗಿ ನಿಲ್ಲುವವರೆಗೆ ಕಾದರು.

"ಯಾರೂ ಇಲ್ಲ ತಾಯಿ" ಅಂದರು. "ಇದು ಕೊನೇದು. ಯಾರೂ ಕೇಳಿದ್ದಲ್ಲ, ಕೈ ಸುಮ್ಮನೆ ಇರಲ್ಲ ಅಂತ ಮಾಡಿದ್ದು. ಈ ಹುಡುಗಿ ತಾನಾಗೇ ಬಿಟ್ಟಳು ಅಂತ ನಾನು ಬರೆದದ್ದು ಸುಳ್ಳು. ಅವಳು ಬಿಡೋಳಲ್ಲ. ಬಾಗಿಲಿಗೆ ಬೀಗ ಹಾಕಿದ್ರೂ ಕಿಟಕಿಯಿಂದ ಬರೋಳು. ನಾನೇ ಬರಬೇಡ ಅಂದೆ. ಕೆಲಸ ಇಲ್ಲ."

ಅಷ್ಟು ಹೇಳಿ ಸ್ಟೂಲಿನ ಮೇಲೆ ಕೂತರು. ಬಹಳ ದೂರ ನಡೆದು ಬಂದವರು ಕೂರುವ ಹಾಗೆ. ನಾನು ಓಡಿಹೋಗಿ ನೀರು ತಂದೆ. ಕುಡಿದರು. ಕುಡಿದು, "ಹೇಳಿದ ಮೇಲೆ ಅಷ್ಟೇನೂ ಇಲ್ಲ ಕಣಮ್ಮ" ಅಂದರು. ಅವರಿಗೇ ಆಶ್ಚರ್ಯವಾಗಿತ್ತು.

ಮೇಡಂ ಬರೆದುಕೊಂಡು ಮುಗಿಸಿ ಕನ್ನಡಕ ಇಳಿಸಿದರು. "ಅವಳದ್ದಾಯ್ತು. ನಿಮ್ಮದು?"

"ನಂದೇನು?"

"ಸ್ವಂತ ಉದ್ಯಮ ಮುಚ್ಚಿದವರಿಗೂ ಭತ್ಯೆ ಇದೆ. ಫಾರಂ ಒಂಬತ್ತು. ನೀವೂ ಸೋಮವಾರ ಬನ್ನಿ."

ಯಜಮಾನರು ನನ್ನ ಕಡೆ ನೋಡಿದರು, ಅವರ ಕಡೆ ನೋಡಿದರು. "ಅಂದ್ರೆ ನನ್ನನ್ನ ನಾನೇ ಕೆಲಸದಿಂದ ತೆಗೀಬೇಕಾ? ಒಬ್ಬರನ್ನೂ ತೆಗೆದವನಲ್ಲ ತಾಯಿ ನಾನು."

"ಆಗಲ್ಲ. ನಿಮ್ಮ ಕಡೇ ಕೆಲಸಗಾರರು ಬರೆದು ಕೊಡಬೇಕು."

ಕಡೇ ಕೆಲಸಗಾರ್ತಿ ನಾನು.

ಮಾರ್ಚ್ 31, ಸೋಮವಾರ

ಟೋಕನ್ ಐವತ್ತೇಳು ನನ್ನದು, ಐವತ್ತೆಂಟು ಯಜಮಾನರದ್ದು. ಬೆಂಚಿನ ಮೇಲೆ ಪಕ್ಕಪಕ್ಕ ಕೂತೆವು. ಅವರಿಗೆ ಎಲ್ಲ ಹೊಸದು. ಫಾರಂ ಒಂಬತ್ತನ್ನು ತಲೆಕೆಳಗಾಗಿ ಹಿಡಿದಿದ್ದರು. "ಉತ್ತರ ಧ್ರುವ ಮೇಲಿರಬೇಕು ಯಜಮಾನ್ರೇ" ಅಂದೆ. ನಕ್ಕು ತಿರುಗಿಸಿಕೊಂಡರು. ಅವರದ್ದು ನಾನೇ ತುಂಬಿದೆ. ಆ ಕಡೆಯಿಂದ ಒಬ್ಬ ಅಜ್ಜ ಬಂದು, "ಫಾರಂ ಅಕ್ಕ ಅಂದ್ರೆ ನೀನೇನಾ?" ಅಂತ ಕೇಳಿದ. ಅವನದ್ದೂ ತುಂಬಿದೆ. ಆಮೇಲೆ ಇನ್ನಿಬ್ಬರದ್ದು.

ಅಡುಗೆ ಅಣ್ಣನಿಗೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಸಿಕ್ಕಿದೆ, ಹೇಳಿ ಹೋಗಲು ಬಂದಿದ್ದ. "ಶಾಲೆ ಮುಚ್ಚಲ್ಲ ತಂಗಿ. ನನ್ನ ಕೈಗುಣ ಅಲ್ಲಿ ನಡೆಯಲ್ಲ."

ಬೆಂಚಿನ ಮೇಲಿನ ಗೋಡೆಗೆ ಹೊಸದಾಗಿ ಏನೋ ನೋಟೀಸು ಹಚ್ಚಿದ್ದಾರೆ. ಒಂದು ಮೂಲೆ ಎದ್ದು ಪಟಪಟ ಅನ್ನುತ್ತಿತ್ತು. ನೋಡಿ ಸುಮ್ಮನಿರಲು ಆಗಲಿಲ್ಲ, ಹೆಬ್ಬೆರಳಲ್ಲಿ ಒತ್ತಿ ಕೂರಿಸಿದೆ. ತೀರಾ ಕಳಪೆ ಅಂಟು.

ಎರಡೂ ಮುಕ್ಕಾಲಿಗೆ ನನ್ನ ನಂಬರ್ ಬಂತು. ಯಜಮಾನರು ಜೇಬಿನಿಂದ ಕಾಗದ ತೆಗೆದು ತಾವೇ ಕೊಟ್ಟರು. ಎರಡೇ ಪದ, ದಪ್ಪ ಅಕ್ಷರದಲ್ಲಿ, ಕೆಳಗೆ ಸಹಿ. ಮೇಡಂ ಮುದ್ರೆ ಒತ್ತಿದರು. ಆ ಸದ್ದು ಎಷ್ಟು ಚೆನ್ನಾಗಿರುತ್ತದೆ. ಇನ್ನೊಂದು ಸಲ ಒತ್ತಿ ಅಂತ ಕೇಳಬೇಕು ಅನ್ನಿಸಿತು.

"ಐವತ್ತೆಂಟು. ಯಜಮಾನರದ್ದು. ಕೆಲಸಗಾರ್ತಿಯ ಹೇಳಿಕೆ ಎಲ್ಲಿ?"

ಕೊಟ್ಟೆ. ನಿನ್ನೆ ಇಡೀ ದಿನ ಕೂತು ಬರೆದದ್ದು, ಮೂರು ಹಾಳೆ ಹರಿದು. ಮೇಡಂ ಗಟ್ಟಿಯಾಗಿ ಓದಿದರು.

"ಇಂಥ ಯಜಮಾನರು ಲೋಕದಲ್ಲೇ ಇಲ್ಲ. ನಲವತ್ತು ವರ್ಷ ಭೂಮಿಯನ್ನು ಕೈಯಲ್ಲಿ ಹಿಡಿದು ಕಾಪಾಡಿ, ಈಗ ವಿಶ್ರಾಂತಿಗಾಗಿ, ನಮ್ಮೆಲ್ಲರನ್ನೂ..." ಓದುವುದು ನಿಲ್ಲಿಸಿದರು. ಹಾಳೆಯ ಮೇಲಿನಿಂದ ನನ್ನನ್ನು ನೋಡಿದರು. "ನೀನೂ ಶುರು ಮಾಡ್ಕೊಂಡ್ಯಾ?"

"ಬೇರೆ ಹೇಗೂ ಬರೆಯೋಕೆ ಬರಲಿಲ್ಲ ಮೇಡಂ."

"ಎರಡು ಪದ ಬರುತ್ತೆ ತಾನೇ? ಮೂರಕ್ಕೆ ಕೌಂಟರ್ ಮುಚ್ಚುತ್ತೆ, ಇನ್ನು ಹತ್ತು ನಿಮಿಷ ಇದೆ."

ಹಾಳೆ ಕೊಟ್ಟರು. ಪೆನ್ನು ಹಿಡಿದೆ. ಬರೆಯಲು ಆಗಲೇ ಇಲ್ಲ. ಯಜಮಾನರಿಗೆ ಯಾಕೆ ಒಂದು ತಿಂಗಳು ಬೇಕಾಯಿತು ಅಂತ ಆ ಹತ್ತು ನಿಮಿಷದಲ್ಲಿ ಗೊತ್ತಾಯಿತು. ಅವರು ನನ್ನ ಪಕ್ಕ ಬಗ್ಗಿ, ಮೊದಲ ದಿನ ತೊಳೆ ಅಂಟಿಸಲು ಹೇಳಿಕೊಟ್ಟ ಅದೇ ದನಿಯಲ್ಲಿ, "ನಡುವಿನಿಂದ ಶುರು ಮಾಡು ಕಣಮ್ಮ. ತುದಿ ತಾನಾಗೇ ಬರುತ್ತೆ" ಅಂದರು.

ಕೆಲಸ ಇಲ್ಲ, ಅಂತ ಬರೆದೆ. ಮೂರಕ್ಕೆ ಎರಡು ನಿಮಿಷ ಇತ್ತು.

ಹೊರಗೆ ಬಂದ ಮೇಲೆ ಯಜಮಾನರು, "ನೀನು ನನ್ನನ್ನ ಕೆಲಸದಿಂದ ತೆಗೆದ ಖುಷಿಗೆ ಕಾಫಿ ಕೊಡಿಸ್ತೀನಿ ನಡಿ" ಅಂದರು. ಎರಡು ಕಾಫಿ ಕುಡಿದೆ.

ಏಪ್ರಿಲ್ 8, ಮಂಗಳವಾರ

ಶನಿವಾರ ಭತ್ಯೆ ಮಂಜೂರಾದ ಪತ್ರ ಬಂತು ಅಂತ ಬರೆಯುವುದೇ ಮರೆತಿದ್ದೆ. ಬಂತು. ಅಕ್ಕ ಎರಡನೇ ಪಾಳಿ ಬಿಟ್ಟಳು. ಸಂಜೆ ಬಿಸಿಲು ಇರುವಾಗಲೇ ಮನೆಗೆ ಬಂದು, ಏನು ಮಾಡಬೇಕು ಅಂತ ತೋಚದೆ ಎರಡು ಸಲ ಕಿಟಕಿ ಒರೆಸಿದಳು. ಟಬ್ಬು ಒಣಗಿದೆ. ಅದರಲ್ಲಿ ಈಗ ಅಂಟು ಕಲಸುತ್ತೇನೆ.

ಅಂಟು ಯಾಕೆಂದರೆ, ಆ ನೋಟೀಸಿನ ಮೂಲೆ ಮತ್ತೆ ಎದ್ದಿತ್ತು. ಇವತ್ತು ಒಂದು ಡಬ್ಬಿಯಲ್ಲಿ ನಮ್ಮ ಅಂಟು ತೆಗೆದುಕೊಂಡು ಹೋಗಿ ನಾಲ್ಕೂ ಮೂಲೆ ಸರಿಯಾಗಿ ಹಚ್ಚಿದೆ. ಇನ್ನು ಗೋಡೆ ಬಿದ್ದರೂ ಅದು ಬೀಳುವುದಿಲ್ಲ.

ಯಜಮಾನರು ಎರಡು ಮಂಗಳವಾರದಿಂದ ನನಗಿಂತ ಮೊದಲೇ ಸಾಲಿನಲ್ಲಿರುತ್ತಾರೆ. ಕೆಲಸ ಕೇಳಿಕೊಂಡು ಮೂರು ಶಾಲೆಗೆ ಹೋಗಿದ್ದಾರೆ. ಒಂದು ಶಾಲೆಯವರು ಶನಿವಾರ ಬಂದು ಮಕ್ಕಳಿಗೆ ಗೋಳ ಮಾಡುವುದು ತೋರಿಸಿ ಅಂದಿದ್ದಾರಂತೆ. ಕೊನೇ ಗೋಳವನ್ನು ಕೌಂಟರಿಗೆ ತಂದು ಕೊಟ್ಟರು. ಮೇಡಂ ಅದನ್ನು ಮುದ್ರೆಯ ಪಕ್ಕದಲ್ಲಿಟ್ಟು, ಯಾರೂ ನೋಡುತ್ತಿಲ್ಲ ಅಂದುಕೊಂಡು ತಿರುಗಿಸುತ್ತಾರೆ.

ನನ್ನ ಫಾರಂ ಓದಿದರು. ಕೆಲಸ ಹುಡುಕಿದ ಕಡೆ ಎರಡೇ ಬರೆದಿದ್ದೆ, ಮೂರನೇ ಸಾಲು ಖಾಲಿ. ಈ ವಾರ ಏನಾದರೂ ಕೆಲಸ ಮಾಡಿದಿರಾ ಅನ್ನುವುದಕ್ಕೆ, ಹೌದು, ಇದೇ ಕಚೇರಿಯಲ್ಲಿ, ಹನ್ನೊಂದು ಜನರ ಫಾರಂ ತುಂಬಿದೆ, ಒಂದು ನೋಟೀಸು ಅಂಟಿಸಿದೆ, ಅಂತ ಬರೆದಿದ್ದೆ.

ಮೇಡಂ ಪೆನ್ನಿನಿಂದ ಬೆಂಚಿನ ಮೇಲಿನ ಗೋಡೆ ತೋರಿಸಿದರು.

"ಆ ನೋಟೀಸು ಓದಿದ್ಯಾ?"

"ಇಲ್ಲ ಮೇಡಂ. ಅಂಚು ಮಾತ್ರ ನೋಡಿದೆ."

"ಹೋಗಿ ಓದ್ಕೊಂಡು ಬಾ."

ಹೋಗಿ ಓದಿದೆ. ಅರ್ಜಿದಾರರಿಗೆ ಫಾರಂ ತುಂಬಲು ನೆರವಾಗುವವರು ಒಬ್ಬರು ಬೇಕಾಗಿದ್ದಾರೆ, ಕೌಂಟರ್ ಮೂರರಲ್ಲಿ ವಿಚಾರಿಸಿ ಅಂತ ಇತ್ತು. ಒಂದು ವಾರದಿಂದ ಅದರ ಕೆಳಗೇ ಕೂತಿದ್ದೇನೆ. ಬೆಂಚಿನ ಮೇಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರೆಲ್ಲ ಯಾವಾಗಲೋ ಓದಿದ್ದರಂತೆ. "ಕೌಂಟರಿನವರು ನಿನ್ನನ್ನ ಆಗಲೇ ಇಟ್ಕೊಂಡಿದಾರೆ ಅಂದ್ಕೊಂಡಿದ್ವಿ" ಅಂದ ಅಜ್ಜ.

ವಾಪಸ್ ಬಂದು ಖಾಲಿ ಬಿಟ್ಟಿದ್ದ ಮೂರನೇ ಸಾಲಿನಲ್ಲಿ "ಭತ್ಯೆ ಕಚೇರಿ, ಕೌಂಟರ್ ಮೂರು" ಅಂತ ಬರೆದೆ. ಒಂದಕ್ಷರವೂ ಹೊಡೆದುಹಾಕಲಿಲ್ಲ. ಮೇಡಂ ಮುದ್ರೆ ಎತ್ತಿದರು, ಒತ್ತಲಿಲ್ಲ.

"ಒಂದು ಬೇಕು. ಹಿಂದಿನ ಯಜಮಾನರಿಂದ ಅನುಭವ ಪತ್ರ. ನೀನು ಹೇಗೆ ಕೆಲಸ ಮಾಡ್ತಿದ್ದೆ ಅಂತ."

ಹಿಂದಿನಿಂದ ಪೆನ್ನಿನ ಮುಚ್ಚಳ ತೆಗೆದ ಸದ್ದು ಕೇಳಿತು. ಯಜಮಾನರು ಆಗಲೇ ಅಂಗಿಯ ತೋಳು ಮಡಚಿಕೊಳ್ಳುತ್ತಿದ್ದರು.

"ಎಷ್ಟು ಪುಟ ಬರೀಬಹುದು ತಾಯಿ?"